ಸ್ಕ್ಯಾನರ್ ತೆಗೆದರೆ ಜಿಎಸ್‌ಟಿ ತಪ್ಪುತ್ತದೆಯೇ? ಮನೆಯವರೇ ನಡೆಸುವ ಅಂಗಡಿಗಳ ತೆರಿಗೆ ಲೆಕ್ಕ

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ಹೋದವರಿಗೆ ಆ ಚೀಟಿ ನೆನಪಿರಬಹುದು. ನಿನ್ನೆಯವರೆಗೆ ಸ್ಕ್ಯಾನರ್ ಇದ್ದ ಜಾಗದಲ್ಲಿ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದ ಒಂದು ಹಾಳೆ: ಯುಪಿಐ ಇಲ್ಲ, ಕ್ಯಾಶ್ ಮಾತ್ರ. "ಯಾಕಣ್ಣಾ?" ಎಂದು ಕೇಳಿದರೆ, "ಟ್ಯಾಕ್ಸ್‌ನೋರು ನೋಟಿಸ್ ಕೊಡ್ತಾ ಇದಾರಮ್ಮ" ಎಂಬ ಉತ್ತರ ಸಿಗುತ್ತಿತ್ತು.

ಅದೇ ವಾರ ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಒಂದು ಫಾರ್ವರ್ಡ್ ಬಂತು. ಇಂದಿಗೂ ಅದು ಬೇರೆ ಬೇರೆ ರೂಪದಲ್ಲಿ ಓಡಾಡುತ್ತಲೇ ಇದೆ. ಅದರಲ್ಲಿರುವ ಮಾತುಗಳು ಹೆಚ್ಚುಕಡಿಮೆ ಹೀಗಿವೆ: ಯುಪಿಐನಲ್ಲಿ ವರ್ಷಕ್ಕೆ 40 ಲಕ್ಷ ದಾಟಿದರೆ ಎಲ್ಲದಕ್ಕೂ ಶೇ 18 ತೆರಿಗೆ ಬೀಳುತ್ತದೆ. ಕ್ಯಾಶ್ ತೆಗೆದುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲವೇ ಹೆಂಡತಿ ಹೆಸರಿನಲ್ಲಿ ಒಂದು, ಮಗನ ಹೆಸರಿನಲ್ಲಿ ಒಂದು ಸ್ಕ್ಯಾನರ್ ಹಾಕಿ, ಯಾವುದೂ 40 ಲಕ್ಷ ದಾಟದ ಹಾಗೆ ನೋಡಿಕೊಳ್ಳಿ.

ಈ ಮೂರರಲ್ಲಿ ಮೊದಲನೆಯದು ಅರ್ಧ ಸುಳ್ಳು, ಎರಡನೆಯದು ಪೂರ್ತಿ ಸುಳ್ಳು, ಮೂರನೆಯದು ಅಪಾಯಕಾರಿ ಸಲಹೆ. ಗಂಡ ಹೆಂಡತಿ ಸೇರಿ ನಡೆಸುವ ಅಂಗಡಿಯಲ್ಲಿ ಇಂಥ ಸಲಹೆ ನಂಬಿದರೆ ಆಗುವ ನಷ್ಟ ಕೆಲವು ಸಾವಿರದ್ದಲ್ಲ, ಲಕ್ಷಗಳದ್ದು. ಆದ್ದರಿಂದ ಒಂದೊಂದಾಗಿ ನೋಡೋಣ.

ಆಗ ನಡೆದದ್ದೇನು?

ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಸೇವೆ ಕೊಡುವ ಸಂಸ್ಥೆಗಳಿಂದ 2021-22ರಿಂದ 2024-25ರವರೆಗಿನ ವ್ಯಾಪಾರಿಗಳ ಮಾಹಿತಿ ತರಿಸಿಕೊಂಡಿತು. ಮಿತಿಗಿಂತ ಹೆಚ್ಚು ಹಣ ಜಮೆಯಾಗಿದ್ದರೂ ಜಿಎಸ್‌ಟಿ ನೋಂದಣಿ ಇಲ್ಲದವರಿಗೆ ಸಾವಿರಾರು ನೋಟಿಸ್‌ಗಳು ಹೋದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂದದ್ದು ದೊಡ್ಡ ಸುದ್ದಿಯಾಯಿತು. ಜುಲೈ 25ಕ್ಕೆ ವ್ಯಾಪಾರಿಗಳು ಬಂದ್ ಕರೆ ಕೊಟ್ಟಿದ್ದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿ ಸಂಘಟನೆಗಳ ಜೊತೆ ಸಭೆ ನಡೆಸಿ, ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಕೊಳ್ಳಲೇಬೇಕು ಎಂದರು. ಬಂದ್ ಕೈಬಿಡಲಾಯಿತು.

ಫಾರ್ವರ್ಡ್‌ಗಳಲ್ಲಿ ಉಳಿದುಕೊಂಡದ್ದು ಇದರ ಮೊದಲರ್ಧ ಮಾತ್ರ. "ಸರ್ಕಾರ ಎಲ್ಲ ಮನ್ನಾ ಮಾಡಿದೆ" ಎಂದು ಕೆಲವರು, "ಯುಪಿಐ ಮೇಲೆ ತೆರಿಗೆ ಬಂದಿದೆ" ಎಂದು ಕೆಲವರು ನಂಬಿಕೊಂಡರು. ಕಾನೂನು ಮಾತ್ರ ಆಗ ಹೇಗಿತ್ತೋ ಹಾಗೆಯೇ ಇತ್ತು.

ತೆರಿಗೆ ಯಾವುದರ ಮೇಲೆ?

ಯುಪಿಐ ಪಾವತಿಗೆ ಜಿಎಸ್‌ಟಿ ಇಲ್ಲ. 2,000 ರೂಪಾಯಿಗಿಂತ ಹೆಚ್ಚಿನ ಯುಪಿಐ ವಹಿವಾಟಿಗೆ ಜಿಎಸ್‌ಟಿ ಹಾಕುತ್ತಾರೆ ಎಂಬ ಸುದ್ದಿ ಹಬ್ಬಿದಾಗ ಕೇಂದ್ರ ಹಣಕಾಸು ಸಚಿವಾಲಯ 2025ರ ಏಪ್ರಿಲ್ 18ರಂದೇ ಅದು ಆಧಾರವಿಲ್ಲದ್ದು ಎಂದು ಸ್ಪಷ್ಟಪಡಿಸಿತು. ಅಂಗಡಿಗೆ ಯುಪಿಐನಲ್ಲಿ ಹಣ ಬಂದಾಗ ವ್ಯಾಪಾರಿಯಿಂದ ವಸೂಲಿ ಮಾಡುವ ಶುಲ್ಕವನ್ನು 2020ರ ಜನವರಿಯಿಂದಲೇ ತೆಗೆಯಲಾಗಿದೆ. ಶುಲ್ಕವೇ ಇಲ್ಲದ ಮೇಲೆ ಅದರ ಮೇಲಿನ ತೆರಿಗೆಯ ಪ್ರಶ್ನೆ ಬರುವುದಿಲ್ಲ.

ತೆರಿಗೆ ಇರುವುದು ಮಾರಾಟದ ಮೇಲೆ. ಗಿರಾಕಿ ನೋಟು ಕೊಟ್ಟರೂ ಅಷ್ಟೇ, ಸ್ಕ್ಯಾನ್ ಮಾಡಿದರೂ ಅಷ್ಟೇ, ತಿಂಗಳ ಕೊನೆಗೆ ಸಾಲದ ಪುಸ್ತಕ ನೋಡಿ ಕೊಟ್ಟರೂ ಅಷ್ಟೇ. ಸ್ಕ್ಯಾನರ್ ಮಾಡಿದ್ದು ಇಷ್ಟೇ: ಇಲ್ಲಿಯವರೆಗೆ ಗಲ್ಲಾಪೆಟ್ಟಿಗೆಗೆ ಮಾತ್ರ ಗೊತ್ತಿದ್ದ ಲೆಕ್ಕವನ್ನು ಬ್ಯಾಂಕಿನ ಪಾಸ್‌ಬುಕ್ಕಿಗೂ ಗೊತ್ತಾಗುವಂತೆ ಮಾಡಿತು.

40 ಲಕ್ಷ ಎಲ್ಲರಿಗೂ ಅಲ್ಲ

ಫಾರ್ವರ್ಡ್‌ಗಳು ಅತಿ ಹೆಚ್ಚು ದಾರಿ ತಪ್ಪಿಸುವುದು ಇಲ್ಲಿ. ವರ್ಷದ ಒಟ್ಟು ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಡ ಎಂಬುದು ಸರಕುಗಳನ್ನು ಮಾತ್ರ ಮಾರುವವರಿಗೆ ಇರುವ ನಿಯಮ. 2019ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಸೇವೆ ಕೊಡುವವರಿಗೆ ಮಿತಿ 20 ಲಕ್ಷ. ಸಲೂನ್, ಟೈಲರಿಂಗ್, ಮೊಬೈಲ್ ರಿಪೇರಿ, ಝೆರಾಕ್ಸ್ ಅಂಗಡಿಯವರು "ನಮ್ಮದು 40 ಆಗಿಲ್ಲ" ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಈಗ ನಿಮ್ಮ ಬೀದಿಯ ಬೇಕರಿಯನ್ನು ನೆನಪಿಸಿಕೊಳ್ಳಿ. ಬ್ರೆಡ್ಡು, ಬನ್ನು, ಖಾರಾ ಬಿಸ್ಕೆಟ್ ಕಟ್ಟಿಸಿಕೊಂಡು ಹೋದರೆ ಅದು ಸರಕು. ಅದೇ ಅಂಗಡಿಯ ಮೂಲೆಯಲ್ಲಿ ಟೀ ಕಾಯಿಸಿ ಗ್ಲಾಸಿನಲ್ಲಿ ಕೊಟ್ಟರೆ? ತಿನ್ನಲು ಕುಡಿಯಲು ತಯಾರಿಸಿ ಬಡಿಸುವುದನ್ನು ಜಿಎಸ್‌ಟಿ ಕಾನೂನು ಹೋಟೆಲ್ ಸೇವೆ ಎಂದು ನೋಡುತ್ತದೆ. ಆಗ ಆ ಅಂಗಡಿ "ಸರಕು ಮಾತ್ರ" ಮಾರುವ ಅಂಗಡಿಯಾಗಿ ಉಳಿಯುವುದಿಲ್ಲ, ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಒಂದು ಟೀ ಸ್ಟೌವಿನಿಂದ ಮಿತಿ ಅರ್ಧವಾಗುವುದು ವಿಚಿತ್ರವೆನಿಸಬಹುದು. ನನಗೂ ಮೊದಲ ಸಲ ಓದಿದಾಗ ಹಾಗೇ ಅನಿಸಿತು.

ಇನ್ನೊಂದು, ಇದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವ ವಿನಾಯಿತಿ ಇದೆ. ಐಸ್‌ಕ್ರೀಂ, ಪಾನ್ ಮಸಾಲ, ತಂಬಾಕು ಪದಾರ್ಥ ಮಾರುವವರಿಗೆ 40 ಲಕ್ಷದ ಸೌಲಭ್ಯ ಸಿಗುವುದಿಲ್ಲ. ಅವರಿಗೂ ಮಿತಿ 20 ಲಕ್ಷವೇ. ಸಿಗರೇಟು, ಬೀಡಿ ಇಟ್ಟಿರುವ ಕಾಂಡಿಮೆಂಟ್ಸ್‌ಗಳು, ಮೂಲೆಯಲ್ಲಿ ಐಸ್‌ಕ್ರೀಂ ಫ್ರೀಜರ್ ಇರುವ ಕಿರಾಣಿ ಅಂಗಡಿಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ?

ಇನ್ನು ಹಾಲು, ತರಕಾರಿ, ಹಣ್ಣು. ಇವುಗಳಿಗೆ ಜಿಎಸ್‌ಟಿ ಇಲ್ಲ ಎಂಬುದು ಸರಿ. ಇವನ್ನು ಮಾತ್ರ ಮಾರುವವರಿಗೆ ವಹಿವಾಟು ಎಷ್ಟೇ ಕೋಟಿ ಇರಲಿ, ನೋಂದಣಿಯೇ ಬೇಕಿಲ್ಲ. ಹಾವೇರಿಯ ಪ್ರಕರಣ ಅಷ್ಟು ಚರ್ಚೆಯಾದದ್ದೂ ಇದೇ ಕಾರಣಕ್ಕೆ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲದಿರುವಾಗ ಬರೀ ಯುಪಿಐ ಮೊತ್ತ ನೋಡಿ ತೆರಿಗೆ ಹಾಕಲು ಬರುವುದಿಲ್ಲ.

ಆದರೆ ತರಕಾರಿಯ ಜೊತೆ ಬಿಸ್ಕೆಟ್, ಸೋಪು, ಶಾಂಪೂ ಕೂಡ ಇಟ್ಟರೆ ಲೆಕ್ಕ ಬದಲಾಗುತ್ತದೆ. ಮಿತಿ ದಾಟಿದ್ದೀರಾ ಎಂದು ನೋಡುವಾಗ ತೆರಿಗೆ ಇರುವ ಮತ್ತು ಇಲ್ಲದ ಎರಡೂ ಬಗೆಯ ಮಾರಾಟವನ್ನು ಕೂಡಿಸುತ್ತಾರೆ. ತೆರಿಗೆ ಹಾಕುವಾಗ ಮಾತ್ರ ತೆರಿಗೆ ಇರುವ ಪದಾರ್ಥಗಳನ್ನಷ್ಟೇ ಹಿಡಿಯುತ್ತಾರೆ. ಈ ಎರಡು ಹಂತಗಳನ್ನು ಬೆರೆಸಿಬಿಟ್ಟಾಗಲೇ ಗೊಂದಲ ಹುಟ್ಟುವುದು. "ನಮ್ಮದು ಮುಕ್ಕಾಲು ಪಾಲು ಹಾಲೇ, ನೋಂದಣಿ ಯಾಕೆ?" ಎಂದು ಅಂಗಡಿಯವರು ಕೇಳುತ್ತಾರೆ. "ಒಟ್ಟು ಇಷ್ಟಾಗಿದೆ, ತೆರಿಗೆ ಕಟ್ಟಿ" ಎಂದು ನೋಟಿಸ್ ಹೇಳುತ್ತದೆ. ಇಬ್ಬರ ಮಾತೂ ಅರ್ಧರ್ಧ ಸರಿ.

ಹಾಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹಾಲಿಗೆ ತೆರಿಗೆ ಇಲ್ಲ ಎಂದರೆ ಹಾಲಿನ ಎಲ್ಲ ಪದಾರ್ಥಗಳಿಗೂ ಇಲ್ಲ ಎಂದಲ್ಲ. ಪ್ಯಾಕೆಟ್ ಮೊಸರು, ಮಜ್ಜಿಗೆ, ಲೇಬಲ್ ಹಾಕಿ ಪ್ಯಾಕ್ ಮಾಡಿದ 25 ಕೆ.ಜಿ.ವರೆಗಿನ ಅಕ್ಕಿ, ಹಿಟ್ಟಿನ ಮೇಲೆ 2022ರ ಜುಲೈ 18ರಿಂದ ಶೇ 5 ತೆರಿಗೆ ಬಂತು. ಮೂಟೆಯಿಂದ ಅಳೆದು ಕೊಡುವ ಬಿಡಿ ಅಕ್ಕಿಗೆ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ದರಗಳು ಮತ್ತೆ ಬದಲಾಗಿ ಬಿಸ್ಕೆಟ್, ಕೇಕ್, ಚಾಕೊಲೇಟ್, ಸೋಪು, ಪೇಸ್ಟ್ ಎಲ್ಲ ಶೇ 18ರಿಂದ ಶೇ 5ಕ್ಕೆ ಇಳಿದಿವೆ. ಆದರೆ ಹಳೆಯ ವರ್ಷದ ನೋಟಿಸ್‌ಗೆ ಆ ವರ್ಷದ ದರವೇ ಅನ್ವಯ.

ಒಂದು ಅಂಗಡಿಯ ಲೆಕ್ಕ

ಉದಾಹರಣೆಗೆ ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಗಂಡ, ಹೆಂಡತಿ, ಸಂಜೆ ಕಾಲೇಜಿನಿಂದ ಬಂದ ಮೇಲೆ ಮಗ. ಮೂವರೂ ಗಲ್ಲಾದಲ್ಲಿ ಕೂರುತ್ತಾರೆ. ಸ್ಕ್ಯಾನರ್ ಗಂಡನ ಹೆಸರಿನಲ್ಲಿದೆ. ಟೀ ಇಲ್ಲ, ಸಿಗರೇಟು ಇಲ್ಲ, ಐಸ್‌ಕ್ರೀಂ ಇಲ್ಲ. 2023-24ರಲ್ಲಿ ಆ ಖಾತೆಗೆ ಯುಪಿಐ ಮೂಲಕ 54 ಲಕ್ಷ ಬಂದಿದೆ.

ಯಾವ ವಿವರವನ್ನೂ ಕೊಡದೆ ಕೂತರೆ 54 ಲಕ್ಷಕ್ಕೂ ಶೇ 18ರಂತೆ 9 ಲಕ್ಷದ 72 ಸಾವಿರ ತೆರಿಗೆ ಎಂದು ಲೆಕ್ಕ ಹಾಕುವ ಸಾಧ್ಯತೆ ಇರುತ್ತದೆ. ಮೇಲೆ ಬಡ್ಡಿ, ದಂಡ.

ಈಗ ಪಾಸ್‌ಬುಕ್ ತೆರೆದು ನೋಡಿ. 54ರಲ್ಲಿ 6 ಲಕ್ಷ ವ್ಯಾಪಾರದ ಹಣವೇ ಅಲ್ಲ. ಮಗಳು ಕಳಿಸಿದ ಸಂಬಳ, ಭಾವಮೈದುನ ವಾಪಸ್ ಕೊಟ್ಟ ಕೈಸಾಲ, ಎತ್ತಿದ ಚೀಟಿ ದುಡ್ಡು. ಉಳಿದ 48 ಲಕ್ಷ ವ್ಯಾಪಾರ. ಇದಕ್ಕೆ ನಗದಿನಲ್ಲಿ ಬಂದ ವ್ಯಾಪಾರವನ್ನೂ ಸೇರಿಸಬೇಕು, ಬಿಡುವ ಹಾಗಿಲ್ಲ. ಅದು 8 ಲಕ್ಷ ಎಂದುಕೊಳ್ಳಿ. ಒಟ್ಟು ವಹಿವಾಟು 56 ಲಕ್ಷ. 40 ದಾಟಿದೆ, ಆದ್ದರಿಂದ ನೋಂದಣಿ ಬೇಕಿತ್ತು. ಇದರಲ್ಲಿ ಅನುಮಾನವಿಲ್ಲ.

ಆದರೆ ಆ 56ರಲ್ಲಿ ಹಾಲು, ಬ್ರೆಡ್ಡು, ತರಕಾರಿ, ಬಿಡಿ ಅಕ್ಕಿ ಸೇರಿ 36 ಲಕ್ಷ. ಇದಕ್ಕೆ ತೆರಿಗೆ ಇಲ್ಲ. ತೆರಿಗೆ ಇರುವುದು ಬಿಸ್ಕೆಟ್, ಸೋಪು, ಪೇಸ್ಟ್ ಇತ್ಯಾದಿ 20 ಲಕ್ಷಕ್ಕೆ. ಶೇ 18ರಂತೆ 3 ಲಕ್ಷದ 60 ಸಾವಿರ. ದಾಖಲೆ ಇಟ್ಟುಕೊಂಡು ಉತ್ತರ ಕೊಟ್ಟದ್ದಕ್ಕೆ 6 ಲಕ್ಷಕ್ಕೂ ಹೆಚ್ಚು ಉಳಿಯಿತು.

ಇನ್ನು ಇದೇ ಅಂಗಡಿ ಮೊದಲೇ ನೋಂದಣಿ ಮಾಡಿಸಿಕೊಂಡು ರಾಜಿ ತೆರಿಗೆ ಪದ್ಧತಿ, ಅಂದರೆ ಕಾಂಪೋಸಿಷನ್ ಸ್ಕೀಮ್, ಆರಿಸಿಕೊಂಡಿದ್ದರೆ? ವ್ಯಾಪಾರಿಗಳಿಗೆ ಅದರ ದರ ತೆರಿಗೆ ಇರುವ ಮಾರಾಟದ ಮೇಲೆ ಶೇ 1. ಅಂದರೆ 20 ಲಕ್ಷಕ್ಕೆ 20 ಸಾವಿರ ರೂಪಾಯಿ.

9.72 ಲಕ್ಷ, 3.6 ಲಕ್ಷ, 20 ಸಾವಿರ. ಅಂಗಡಿ ಒಂದೇ, ವ್ಯಾಪಾರ ಒಂದೇ.

ಕಾಂಪೋಸಿಷನ್ ಸ್ಕೀಮಿಗೆ ವಾರ್ಷಿಕ ವಹಿವಾಟಿನ ಮಿತಿ 1.5 ಕೋಟಿ. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟಿ, ವರ್ಷಕ್ಕೊಂದು ರಿಟರ್ನ್ ಹಾಕಿದರೆ ಸಾಕು. ಹೋಟೆಲ್‌ಗಳಿಗೆ ಶೇ 5. ಸ್ವಂತ ಒಲೆಯಲ್ಲಿ ಬೇಯಿಸುವ ಬೇಕರಿಯವರು ತಯಾರಕರು ಎನಿಸಿಕೊಳ್ಳುತ್ತಾರೆ, ಅವರಿಗೆ ಶೇ 1 ಒಟ್ಟು ವಹಿವಾಟಿನ ಮೇಲೆ. ಕಟ್ಟುಪಾಡುಗಳೂ ಇವೆ: ಗಿರಾಕಿಯಿಂದ ಜಿಎಸ್‌ಟಿ ಎಂದು ಪ್ರತ್ಯೇಕವಾಗಿ ವಸೂಲಿ ಮಾಡುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುವಂತಿಲ್ಲ. ಮತ್ತು ಇದನ್ನು ಹಿಂದಿನ ವರ್ಷಗಳಿಗೆ ಅನ್ವಯಿಸಿಕೊಳ್ಳಲು ಆಗುವುದಿಲ್ಲ. ನೋಟಿಸ್ ಬಂದ ಮೇಲೆ "ನನಗೂ ಶೇ 1 ಹಾಕಿ" ಎಂದು ಕಾನೂನಿನ ಬಲದಿಂದ ಕೇಳುವಂತಿಲ್ಲ.

"ಎಂಆರ್‌ಪಿಯಲ್ಲೇ ಜಿಎಸ್‌ಟಿ ಕಟ್ಟಿದ್ದೇವಲ್ಲ?"

ಪ್ರತಿ ಅಂಗಡಿಯಲ್ಲೂ ಕೇಳಿಬರುವ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆಯೂ ಹೌದು. ಡಿಸ್ಟ್ರಿಬ್ಯೂಟರ್ ಬಿಲ್ಲಿನಲ್ಲಿ ಜಿಎಸ್‌ಟಿ ಕೊಟ್ಟೇ ಮಾಲು ಇಳಿಸಿಕೊಂಡಿರುತ್ತಾರೆ. ಮತ್ತೆ ಯಾಕೆ?

ಜಿಎಸ್‌ಟಿ ಪ್ರತಿ ಕೈ ಬದಲಾದಾಗಲೂ ಬೀಳುತ್ತದೆ, ಆದರೆ ಹಿಂದಿನವರು ಕಟ್ಟಿದ್ದನ್ನು ಕಳೆದು. ಶೇ 18ರ ಪದಾರ್ಥವನ್ನು 90 ರೂಪಾಯಿಗೆ ತಂದಾಗ 16.20 ತೆರಿಗೆ ಕೊಟ್ಟಿರುತ್ತೀರಿ. 100ಕ್ಕೆ ಮಾರಿದಾಗ 18 ತೆರಿಗೆ ಬರುತ್ತದೆ. ನೋಂದಣಿ ಇದ್ದವರು ಸರ್ಕಾರಕ್ಕೆ ಕಟ್ಟುವುದು ಇವೆರಡರ ವ್ಯತ್ಯಾಸ 1.80 ಮಾತ್ರ. ನೋಂದಣಿ ಇಲ್ಲದೆ ಮಿತಿ ದಾಟಿದವರಿಗೆ ಆ 16.20 ಕಳೆದುಕೊಳ್ಳುವ ಹಕ್ಕು ಸುಲಭವಾಗಿ ಸಿಗುವುದಿಲ್ಲ. ಹೊರೆ ದುಪ್ಪಟ್ಟಾಗುವುದು ಹೀಗೆ. ಖರೀದಿ ಬಿಲ್ಲುಗಳನ್ನು ಮೂಟೆ ಕಟ್ಟಿ ರದ್ದಿಗೆ ಹಾಕಬೇಡಿ ಎಂದು ಆಡಿಟರ್‌ಗಳು ಹೇಳುವುದೂ ಇದಕ್ಕೇ. ನಿಮ್ಮಲ್ಲಿ ಏನು ಮಾರಾಟವಾಯಿತು, ಅದರಲ್ಲಿ ಹಾಲೆಷ್ಟು ಸೋಪೆಷ್ಟು ಎಂಬುದಕ್ಕೆ ಆ ಬಿಲ್ಲುಗಳೇ ಸಾಕ್ಷಿ.

ಮನೆ ದುಡ್ಡು, ಅಂಗಡಿ ದುಡ್ಡು

ಕುಟುಂಬದ ವ್ಯಾಪಾರಗಳಲ್ಲಿ ತೊಂದರೆ ಶುರುವಾಗುವುದು ತೆರಿಗೆ ಕದಿಯುವ ಉದ್ದೇಶದಿಂದಲ್ಲ. ಒಂದೇ ಖಾತೆಯಿಂದ. ಸ್ಕ್ಯಾನರ್ ಮಾಡಿಸುವಾಗ ಯಾವ ಖಾತೆ ಇತ್ತೋ ಅದನ್ನೇ ಕೊಟ್ಟಿರುತ್ತಾರೆ. ಮುಂದೆ ಮಗಳ ಮದುವೆಗೆ ತಂಗಿ ಕಳಿಸಿದ 2 ಲಕ್ಷವೂ ಅಲ್ಲಿಗೇ, ಅಪ್ಪನ ಪಿಂಚಣಿಯೂ ಅಲ್ಲಿಗೇ, ಪಕ್ಕದ ಅಂಗಡಿಯವರಿಗೆ ಚಿಲ್ಲರೆ ಕೊಟ್ಟು ಹಾಕಿಸಿಕೊಂಡ ಹಣವೂ ಅಲ್ಲಿಗೇ.

ನನ್ನ ಸೋದರಮಾವನ ಅಂಗಡಿಯ ಪಾಸ್‌ಬುಕ್ಕನ್ನು ಒಮ್ಮೆ ಮೂರು ಭಾನುವಾರ ಕೂತು ವಿಂಗಡಿಸಿದ್ದೇನೆ. ಎರಡು ವರ್ಷದ ಹಿಂದಿನ 15,000 ರೂಪಾಯಿ ಯಾರು ಹಾಕಿದ್ದು ಎಂದು ಅತ್ತೆಗೆ ನೆನಪಿತ್ತು, ಮಾವನಿಗೆ ಇರಲಿಲ್ಲ. ಆ ನೆನಪನ್ನು ಕಚೇರಿಯಲ್ಲಿ ದಾಖಲೆ ಎಂದು ಒಪ್ಪುವುದಿಲ್ಲವಷ್ಟೇ.

ಹತ್ತಿರದ ಬಂಧುಗಳು ಕೊಟ್ಟ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಗಂಡ, ಹೆಂಡತಿ, ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಎಲ್ಲರೂ ಈ ಪಟ್ಟಿಯಲ್ಲಿದ್ದಾರೆ, ಮೊತ್ತಕ್ಕೆ ಮಿತಿ ಇಲ್ಲ. ಸ್ನೇಹಿತರು ಕೊಟ್ಟದ್ದು ವರ್ಷಕ್ಕೆ ಒಟ್ಟು 50 ಸಾವಿರ ದಾಟಿದರೆ ಮಾತ್ರ ಅದು ಆದಾಯ. ವಾಪಸ್ ಬಂದ ಸಾಲ ಆದಾಯವೂ ಅಲ್ಲ, ಮಾರಾಟವೂ ಅಲ್ಲ. ಆದರೆ ಸ್ಕ್ಯಾನರ್ ಖಾತೆಗೆ ಬಿದ್ದ ಹಣ ಮೊದಲ ನೋಟಕ್ಕೆ ಮಾರಾಟದಂತೆಯೇ ಕಾಣುತ್ತದೆ. ಅದಲ್ಲ ಎಂದು ತೋರಿಸಬೇಕಾದವರು ನೀವು. ಹಾಗಾಗಿ ಅಂಗಡಿಗೊಂದು ಕರೆಂಟ್ ಅಕೌಂಟ್, ಮನೆಗೊಂದು ಉಳಿತಾಯ ಖಾತೆ. ನಾನು ಓದಿದ ಎಲ್ಲ ತೆರಿಗೆ ಸಲಹೆಗಳಲ್ಲಿ ಅತಿ ಕಡಿಮೆ ಖರ್ಚಿನದು, ಅತಿ ಹೆಚ್ಚು ಉಪಯೋಗದ್ದು ಇದೇ.

ಹೆಂಡತಿ ಹೆಸರಲ್ಲಿ ಇನ್ನೊಂದು ಸ್ಕ್ಯಾನರ್

ಜಿಎಸ್‌ಟಿ ವಹಿವಾಟನ್ನು ಪ್ಯಾನ್ ಸಂಖ್ಯೆಯ ಲೆಕ್ಕದಲ್ಲಿ ನೋಡುತ್ತದೆ ಎಂಬುದು ನಿಜ. ಫಾರ್ವರ್ಡ್ ಹುಟ್ಟಿದ್ದೂ ಈ ನಿಜದಿಂದಲೇ. ಹೆಂಡತಿ ತಮ್ಮದೇ ಬಂಡವಾಳ ಹಾಕಿ, ತಮ್ಮದೇ ಖರೀದಿ, ತಮ್ಮದೇ ಲೆಕ್ಕ ಇಟ್ಟುಕೊಂಡು ಬಟ್ಟೆ ಅಂಗಡಿಯನ್ನೋ ಬ್ಯೂಟಿ ಪಾರ್ಲರನ್ನೋ ನಡೆಸಿದರೆ ಅದು ಬೇರೆಯದೇ ವ್ಯಾಪಾರ. ಅವರ ಮಿತಿ ಅವರಿಗೆ.

ಆದರೆ ಒಂದೇ ಶಟರ್, ಒಂದೇ ಮಾಲು, ಒಂದೇ ಗಲ್ಲಾ. ಬೆಳಿಗ್ಗೆ ಗಂಡನ ಸ್ಕ್ಯಾನರ್, ಮಧ್ಯಾಹ್ನದ ಮೇಲೆ ಹೆಂಡತಿಯದು ಎಂದರೆ ಅದು ಎರಡು ವ್ಯಾಪಾರವಾಗುವುದಿಲ್ಲ. ಡಿಸ್ಟ್ರಿಬ್ಯೂಟರ್ ಬಿಲ್ಲು, ಬಾಡಿಗೆ ಕರಾರು, ವ್ಯಾಪಾರ ಪರವಾನಗಿ ಎಲ್ಲ ಒಬ್ಬರ ಹೆಸರಿನಲ್ಲೇ ಇರುತ್ತವೆ. ಇಲಾಖೆ ಎರಡನ್ನೂ ಕೂಡಿಸಿ ನೋಡಬಹುದು. ಆಗ ಕೆಟ್ಟ ಸಂಗತಿಯೆಂದರೆ, "ಗೊತ್ತಿರಲಿಲ್ಲ" ಎಂಬ ಸಮಜಾಯಿಷಿಯೂ ಕೈ ತಪ್ಪುತ್ತದೆ. ಗೊತ್ತಿದ್ದೇ ಒಡೆದಿದ್ದೀರಿ ಎಂದಾಗುತ್ತದೆ. ತಿಳಿಯದೆ ಆದ ತಪ್ಪಿಗೆ ದಂಡ ಸಾಮಾನ್ಯವಾಗಿ ತೆರಿಗೆಯ ಶೇ 10 ಅಥವಾ 10 ಸಾವಿರ, ಯಾವುದು ಹೆಚ್ಚೋ ಅದು. ವಂಚನೆ ಎಂದು ತೀರ್ಮಾನವಾದರೆ ದಂಡ ತೆರಿಗೆಯಷ್ಟೇ. ಬಡ್ಡಿ ವರ್ಷಕ್ಕೆ ಶೇ 18 ಬೇರೆ.

ಆದಾಯ ತೆರಿಗೆಯಲ್ಲೂ ಈ ಉಪಾಯ ನಡೆಯುವುದಿಲ್ಲ. ಗಂಡ ಹೆಂಡತಿಗೆ ಹಣ ಉಡುಗೊರೆ ಕೊಟ್ಟರೆ ತೆರಿಗೆ ಇಲ್ಲ, ಸರಿ. ಆದರೆ ಆ ಹಣದಿಂದ ಬಂದ ಆದಾಯವನ್ನು ಗಂಡನ ಆದಾಯಕ್ಕೇ ಸೇರಿಸಿ ಲೆಕ್ಕ ಹಾಕುತ್ತಾರೆ.

ಕ್ಯಾಶ್ ಮಾತ್ರ ಎಂದರೆ?

ಕ್ಯಾಶ್ ಕೊನೆಗೆ ಹೋಗುವುದು ಎಲ್ಲಿಗೆ? ಡಿಸ್ಟ್ರಿಬ್ಯೂಟರ್‌ಗೆ ಹಣ ಕಟ್ಟಬೇಕು, ಮಗನ ಫೀಸು ಕಟ್ಟಬೇಕು, ಸಾಲದ ಕಂತು ತುಂಬಬೇಕು. ಒಂದಲ್ಲ ಒಂದು ದಿನ ಬ್ಯಾಂಕಿಗೆ ಹಾಕಲೇಬೇಕು. ಉಳಿತಾಯ ಖಾತೆಗೆ ವರ್ಷದಲ್ಲಿ ಒಟ್ಟು 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಜಮೆಯಾದರೆ ಬ್ಯಾಂಕು ಆ ಮಾಹಿತಿಯನ್ನು ಆದಾಯ ತೆರಿಗೆ ಇಲಾಖೆಗೆ ತಾನಾಗಿಯೇ ಕಳಿಸುತ್ತದೆ. ಕರೆಂಟ್ ಅಕೌಂಟ್‌ಗೆ ಈ ಗೆರೆ 50 ಲಕ್ಷ. ಅಂದರೆ 40 ಲಕ್ಷದ ಯುಪಿಐಗೆ ಹೆದರಿ ಕ್ಯಾಶಿಗೆ ಹೋದವರು ಉಳಿತಾಯ ಖಾತೆಯಲ್ಲಿ 10 ಲಕ್ಷಕ್ಕೇ ಸಿಕ್ಕಿಬೀಳುತ್ತಾರೆ.

ಹಳೆಯ ವರ್ಷಗಳ ಯುಪಿಐ ದಾಖಲೆ ಹೇಗೂ ಅಳಿಸಿಹೋಗುವುದಿಲ್ಲ. ಜುಲೈವರೆಗೆ ದಿನಕ್ಕೆ 15 ಸಾವಿರ ಬರುತ್ತಿದ್ದ ಖಾತೆಗೆ ಆಗಸ್ಟ್‌ನಿಂದ ಸೊನ್ನೆ ಬಂದರೆ, ಅಂಗಡಿ ಮಾತ್ರ ತೆರೆದೇ ಇದ್ದರೆ, ಅದೇ ಒಂದು ಪ್ರಶ್ನೆಯಾಗುತ್ತದೆ.

ಕ್ಯಾಶಿಗೆ ಹೋಗುವುದರಿಂದ ಇನ್ನೊಂದು ನೇರ ನಷ್ಟವೂ ಇದೆ, ಅದು ಯಾವ ಫಾರ್ವರ್ಡ್‌ನಲ್ಲೂ ಇಲ್ಲ. ಆದಾಯ ತೆರಿಗೆ ಬೇರೆ, ಜಿಎಸ್‌ಟಿ ಬೇರೆ. ಸಣ್ಣ ವ್ಯಾಪಾರಿಗಳಿಗೆ ಆದಾಯ ತೆರಿಗೆಯಲ್ಲಿ ಅಂದಾಜು ಆದಾಯದ ಒಂದು ಸರಳ ದಾರಿ ಇದೆ. ಆಡಿಟರ್‌ಗಳು ಇದನ್ನು ಹಳೆಯ ಕಾಯ್ದೆಯ ಸೆಕ್ಷನ್ ಸಂಖ್ಯೆಯಿಂದ 44ಎಡಿ ಎನ್ನುತ್ತಾರೆ. ವಹಿವಾಟು 2 ಕೋಟಿವರೆಗೆ, ನಗದು ಪಾಲು ಶೇ 5 ಮೀರದಿದ್ದರೆ 3 ಕೋಟಿವರೆಗೆ, ಈ ದಾರಿ ಹಿಡಿಯಬಹುದು. ನಗದಾಗಿ ಬಂದ ಮೊತ್ತದ ಶೇ 8ನ್ನು ಲಾಭ ಎಂದು ತೋರಿಸಬೇಕು. ಯುಪಿಐ ಅಥವಾ ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6 ಸಾಕು. ಯುಪಿಐ ತೆಗೆದುಕೊಂಡವರಿಗೇ ಇಲ್ಲಿ ರಿಯಾಯಿತಿ.

ವರ್ಷಕ್ಕೆ 1 ಕೋಟಿ ವ್ಯಾಪಾರ, ಎಲ್ಲವೂ ಯುಪಿಐ ಎಂದುಕೊಳ್ಳಿ. ಅಂದಾಜು ಆದಾಯ 6 ಲಕ್ಷ. 2025-26ರಿಂದ ಹೊಸ ಪದ್ಧತಿಯಲ್ಲಿ ವ್ಯಕ್ತಿಯೊಬ್ಬರ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಬೇರೆ ಆದಾಯ ಇಲ್ಲದಿದ್ದರೆ ಆದಾಯ ತೆರಿಗೆ ಸೊನ್ನೆ. ರಿಟರ್ನ್ ಮಾತ್ರ ಹಾಕಲೇಬೇಕು.

"ಪಾಲುದಾರಿಕೆ ಮಾಡಿ, ಎಚ್‌ಯುಎಫ್ ಮಾಡಿ, ತೆರಿಗೆ ಉಳಿಸಿ" ಎಂಬ ರೀಲ್ಸ್ ನೋಡಿದ್ದೀರಾ? ಇದೇ ಅಂಗಡಿಯನ್ನು ಅಪ್ಪ ಮಗ ಪಾಲುದಾರಿಕೆ ಸಂಸ್ಥೆಯಾಗಿ ಮಾಡಿ ಇದೇ ಅಂದಾಜು ದಾರಿ ಹಿಡಿದರೆ, ಸಂಸ್ಥೆಗೆ ಶೇ 30 ತೆರಿಗೆ, ಮೇಲೆ ಶೇ 4 ಸೆಸ್. 6 ಲಕ್ಷಕ್ಕೆ 1,87,200 ರೂಪಾಯಿ. ಪಾಲುದಾರರಿಗೆ ಕೊಟ್ಟ ಸಂಬಳವನ್ನು ಕಳೆಯಲೂ ಬರುವುದಿಲ್ಲ. ಅವಿಭಕ್ತ ಕುಟುಂಬ, ಅಂದರೆ ಎಚ್‌ಯುಎಫ್ ಆದರೆ 12 ಲಕ್ಷದ ಆ ರಿಯಾಯಿತಿ ಇಲ್ಲ. ಅದು ವ್ಯಕ್ತಿಗಳಿಗೆ ಮಾತ್ರ. ಇವೆಲ್ಲ ದೊಡ್ಡ ವ್ಯಾಪಾರಗಳಿಗೆ ಬೇರೆ ಕಾರಣಗಳಿಗೆ ಉಪಯೋಗವಾಗಬಹುದು. ಬೀದಿಯ ಕಿರಾಣಿ ಅಂಗಡಿಗೆ ರೀಲ್ಸ್ ಹೇಳುವ ಲಾಭ ಸಿಗುವುದಿಲ್ಲ.

ನೋಟಿಸ್ ಬಂದರೆ

ನೋಟಿಸ್ ಎಂದರೆ ಆದೇಶವಲ್ಲ, ಪ್ರಶ್ನೆ. ಉತ್ತರಕ್ಕೆ ದಿನಾಂಕ ಕೊಟ್ಟಿರುತ್ತಾರೆ. ಅದರೊಳಗೆ ಬರವಣಿಗೆಯಲ್ಲಿ ಉತ್ತರ ಕೊಟ್ಟು, ಸ್ವೀಕೃತಿ ಪಡೆಯಿರಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ವ್ಯಾಪಾರವಲ್ಲದ್ದನ್ನು ಗುರುತಿಸಿ, ಖರೀದಿ ಬಿಲ್ಲುಗಳಿಂದ ತೆರಿಗೆ ಇರುವುದು ಇಲ್ಲದ್ದು ಎಂದು ವಿಂಗಡಿಸಿ ಜೊತೆಗಿಡಿ. ಹಾಲಿನ ಏಜೆನ್ಸಿ ಇದ್ದರೆ ಡೇರಿಯ ತಿಂಗಳ ಬಿಲ್ಲುಗಳು ಬಹಳ ಗಟ್ಟಿ ಸಾಕ್ಷಿ. ಸುಮ್ಮನೆ ಕೂತರೆ ಅಧಿಕಾರಿ ತಮ್ಮ ಬಳಿ ಇರುವ ಮಾಹಿತಿಯಿಂದಲೇ ತೆರಿಗೆ ನಿರ್ಧರಿಸಲು ಕಾನೂನಿನಲ್ಲಿ ಅವಕಾಶವಿದೆ. ಅವರ ಬಳಿ ಇರುವುದು ಯುಪಿಐ ಮೊತ್ತ ಮಾತ್ರ ಆಗಿದ್ದರೆ ಫಲಿತಾಂಶ ಏನೆಂದು ಮೇಲಿನ 9.72 ಲಕ್ಷದ ಲೆಕ್ಕದಲ್ಲಿ ನೋಡಿದಿರಿ.

ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಮಿತಿ ದಾಟಿದ 30 ದಿನಗಳೊಳಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಪ್ಯಾನ್, ಆಧಾರ್, ಫೋಟೊ, ಅಂಗಡಿಯ ವಿಳಾಸದ ದಾಖಲೆ, ಬ್ಯಾಂಕ್ ವಿವರ ಸಾಕು. ಯಾರಾದರೂ ಹಣ ಕೇಳಿದರೆ ಅದು ಅವರ ಸೇವಾ ಶುಲ್ಕ, ಸರ್ಕಾರದ್ದಲ್ಲ.

ಈ ಗದ್ದಲದಲ್ಲಿ ಮೋಸಗಾರರಿಗೂ ಕೆಲಸ ಸಿಕ್ಕಿದೆ. ವಾಟ್ಸ್‌ಆ್ಯಪ್‌ನಲ್ಲಿ ನೋಟಿಸ್ ಕಳಿಸಿ, ಲಿಂಕ್ ಒತ್ತಿ ಇವತ್ತೇ ಕಟ್ಟಿದರೆ ಅರ್ಧ ಮನ್ನಾ ಎಂದರೆ ಒತ್ತಬೇಡಿ. ತೆರಿಗೆ ಕಟ್ಟುವುದು ಪೋರ್ಟಲ್‌ನಲ್ಲಿ ಚಲನ್ ಮಾಡಿ, ಯಾರದೋ ಯುಪಿಐ ನಂಬರ್‌ಗೆ ಅಲ್ಲ. ಅನುಮಾನವಿದ್ದರೆ ನೋಟಿಸ್ ಹಿಡಿದು ನಿಮ್ಮ ಪ್ರದೇಶದ ವಾಣಿಜ್ಯ ತೆರಿಗೆ ಕಚೇರಿಗೆ ಹೋಗಿ, ಇದು ನೀವೇ ಕಳಿಸಿದ್ದಾ ಎಂದು ಕೇಳಬಹುದು.

ಅಪ್ಪನ ಅಂಗಡಿ ಮಗನಿಗೆ ಬಂದಾಗ

ಕೊನೆಯದಾಗಿ ಯಾರೂ ಫಾರ್ವರ್ಡ್ ಮಾಡದ ಒಂದು ವಿಷಯ. ಅಪ್ಪ ತೀರಿಕೊಂಡ ಮೇಲೂ ಅಂಗಡಿಯಲ್ಲಿ ಅವರ ಹೆಸರಿನ ಸ್ಕ್ಯಾನರ್ರೇ ಇರುವುದನ್ನು, ಸೌಂಡ್ ಬಾಕ್ಸ್ ಕೂಗುತ್ತಲೇ ಇರುವುದನ್ನು ನೀವೂ ನೋಡಿರಬಹುದು. ಭಾವನೆಗೆ ಅದು ಸರಿ, ಲೆಕ್ಕಕ್ಕೆ ಅಲ್ಲ. ಒಬ್ಬರ ಹೆಸರಿನ ಅಂಗಡಿಯ ಜಿಎಸ್‌ಟಿ ನೋಂದಣಿ ಅವರ ಪ್ಯಾನ್ ಜೊತೆಗೇ ಮುಗಿಯುತ್ತದೆ, ಆಸ್ತಿಯ ಹಾಗೆ ವಾರಸುದಾರರಿಗೆ ಬರುವುದಿಲ್ಲ. ವ್ಯಾಪಾರ ಮುಂದುವರಿಸುವವರು ತಮ್ಮ ಹೆಸರಿನಲ್ಲಿ ಹೊಸ ನೋಂದಣಿ ಪಡೆದು, ಅಪ್ಪನದನ್ನು ರದ್ದು ಮಾಡಿಸಬೇಕು. ಅಪ್ಪನ ಖಾತೆಯಲ್ಲಿ ಬಳಸದೆ ಉಳಿದ ತೆರಿಗೆ ಜಮೆ ಇದ್ದರೆ ಅದನ್ನು ಹೊಸ ನೋಂದಣಿಗೆ ವರ್ಗಾಯಿಸಿಕೊಳ್ಳಲು ಪೋರ್ಟಲ್‌ನಲ್ಲಿ ಐಟಿಸಿ-02 ಎಂಬ ಫಾರಂ ಇದೆ.

ಬಾಕಿಯೂ ಹಾಗೆಯೇ. ವ್ಯಾಪಾರ ಮುಂದುವರಿಸಿದರೆ ಅಪ್ಪನ ಕಾಲದ ಜಿಎಸ್‌ಟಿ ಬಾಕಿಗೆ ಮಗ ಅಥವಾ ಮಗಳೇ ಹೊಣೆ. ಅಂಗಡಿ ಮುಚ್ಚಿದ್ದರೆ ಅಪ್ಪ ಬಿಟ್ಟುಹೋದ ಆಸ್ತಿಯಿಂದ ಎಷ್ಟು ಬರುತ್ತದೋ ಅಷ್ಟಕ್ಕೆ ಮಾತ್ರ.